ವಿಜಯದಶಮಿಗೆ ವಾಪಸು ಹೋಗಿ ನೋಡಿದ ವೀಡಿಯೊ: ಆನ್‌ಲೈನ್ ತರಬೇತಿ ಶಾಖೆಯ ಮುಖ್ಯಸ್ಥರಿಗೆ

ಮಾನ್ಯ ಮುಖ್ಯಸ್ಥರೇ,

ಸುಳ್ಳು ದಿನಾಂಕದ ಪ್ರಮಾಣಪತ್ರ ಸೃಷ್ಟಿಸಿದ ಅಪರಾಧಿ ಹೇಮಾವತಿ ಅಲ್ಲ, ನಾನು. ಹೊಸನಗರ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಬಿಸಿಯೂಟ ಮಾಡುತ್ತಿರುವ ಆ ಹೆಂಗಸಿಗೆ ತಮ್ಮ ಶಾಖೆ ಕಳಿಸಿರುವ ನೋಟಿಸು ವಿಳಾಸ ತಪ್ಪಿ ಹೋಗಿದೆ. ಅದು ನನ್ನ ಅಂಗಡಿಗೆ ಬರಬೇಕಿತ್ತು. ಏಳು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ, ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನದಿಂದ ಆಕೆಯ ಹೆಸರನ್ನು ಅಡುಗೆ ಸಿಬ್ಬಂದಿಯ ಪಟ್ಟಿಯಿಂದ ಕೈಬಿಡಲಾಗುವುದು ಎಂದು ಅದರಲ್ಲಿ ಬರೆದಿದೆ. ಇದನ್ನು ಮುಚ್ಚಿದ ಲಕೋಟೆಯಲ್ಲೇ ತಿಳಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ತಿಳಿಸಿದ್ದೇನೆ. ಆ ಲಕೋಟೆ ತಮ್ಮ ಕಚೇರಿಯ ಯಾವ ಮೇಜಿನ ಮೇಲಿದೆ ಎಂದು ಫೋನು ಮಾಡಿ ಕೇಳಿದರೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ಊರಿಗೆಲ್ಲ ಗೊತ್ತಾಗುವ ಹಾಗೆ ಬರೆಯುತ್ತಿದ್ದೇನೆ, ತಮಗೂ ಗೊತ್ತಾದೀತು ಎಂಬ ಆಸೆಯಿಂದ.

ನಾನು ಯಾರು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪ್‌ರೈಟರುಗಳು ಮೂಲೆ ಸೇರಿದ ಮೇಲೆ ಅದೇ ಮೇಜುಗಳ ಮೇಲೆ ಕಂಪ್ಯೂಟರು ಇಟ್ಟು, ಅದೇ ಕುರ್ಚಿಯಲ್ಲಿ ಕೂತು, ಅರ್ಜಿ ತುಂಬುವುದು, ಪ್ರಿಂಟ್ ತೆಗೆಯುವುದು ಮಾಡಿಕೊಂಡಿದ್ದೇನೆ. ಜನ ಈಗಲೂ ‘ಟೈಪಿಂಗ್ ಮೇಷ್ಟ್ರು’ ಎನ್ನುತ್ತಾರೆ. ಕಂಪ್ಯೂಟರ್ ವಿಷಯದಲ್ಲಿ ಈ ಊರಿಗೆ ನಾನೇ ದೊಡ್ಡ ಮನುಷ್ಯ ಎಂದು ಬಹಳ ವರ್ಷ ನಂಬಿದ್ದೆ. ಊರೂ ನಂಬಿತ್ತು. ಆ ಹೆಗ್ಗಳಿಕೆಗೆಲ್ಲ ಒಂದೇ ಕಾರಣ, ಫ್ಲಾಶ್ ಪ್ಲೇಯರ್.

ತಮ್ಮ ಶಾಖೆಗೆ ಅದು ಪೂಜ್ಯ ವಸ್ತುವಾಗಿರುವುದರಿಂದ ವಿವರಿಸಬೇಕಾಗಿಲ್ಲ, ಆದರೆ ಬೇರೆಯವರೂ ಈ ಪತ್ರ ಓದುತ್ತಾರೆ. ಒಂದು ಕಾಲದಲ್ಲಿ ಇಂಟರ್‌ನೆಟ್ ತೆರೆದು ತೋರಿಸುವ ಬ್ರೌಸರಿಗೆ ತಾನಾಗಿಯೇ ವೀಡಿಯೊ ಓಡಿಸಲು ಬರುತ್ತಿರಲಿಲ್ಲ. ಅದಕ್ಕೆ ಫ್ಲಾಶ್ ಎಂಬ ಸಣ್ಣ ಪ್ರೋಗ್ರಾಮನ್ನು ಹೊರಗಿನಿಂದ ತಂದು ಸಿಕ್ಕಿಸಬೇಕಿತ್ತು. ಹೀಗೆ ಸಿಕ್ಕಿಸುವುದಕ್ಕೇ ಪ್ಲಗ್-ಇನ್ ಎಂದು ಹೆಸರು. ಹೊಸನಗರದಲ್ಲಿ ಅದನ್ನು ಸಿಕ್ಕಿಸಲು ಬರುತ್ತಿದ್ದವನು ನಾನು. ಯಾರದೋ ಮನೆಯ ಕಂಪ್ಯೂಟರಿನಲ್ಲಿ ಯಕ್ಷಗಾನದ ವೀಡಿಯೊ ಬರುತ್ತಿಲ್ಲ ಎಂದರೆ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದೆ. ಐದು ನಿಮಿಷದ ಕೆಲಸ. ನಾನು ಗಂಭೀರವಾಗಿ ಮುಖ ಗಂಟಿಕ್ಕಿಕೊಂಡು ಅರ್ಧ ಗಂಟೆ ಮಾಡುತ್ತಿದ್ದೆ. ಕಾಫಿ ಬರುತ್ತಿತ್ತು, ಜೊತೆಗೆ ಚಕ್ಕುಲಿ. ವೀಡಿಯೊ ಓಡಿದ ಕೂಡಲೇ ಮನೆಯವರೆಲ್ಲ ನನ್ನ ಮುಖ ನೋಡುತ್ತಿದ್ದರಲ್ಲ, ಆ ಸುಖ ಟೈಪಿಂಗ್ ಕಲಿಸಿದ ಇಪ್ಪತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ.

2020ರ ಕೊನೆಗೆ ಫ್ಲಾಶ್ ಮಾಡಿದವರೇ ಅದನ್ನು ನಿಲ್ಲಿಸಿದರು. ಬ್ರೌಸರುಗಳು ಅಷ್ಟರಲ್ಲಿ ತಾವೇ ವೀಡಿಯೊ ಓಡಿಸಲು ಕಲಿತಿದ್ದವು. ‘ಇನ್ನು ಇದು ಬೇಡ, ತೆಗೆದುಹಾಕಿ’ ಎಂಬ ಸೂಚನೆ ಕಂಪ್ಯೂಟರಿನ ಪರದೆಯ ಮೇಲೆ ಬರತೊಡಗಿದಾಗ ಜನ ನನ್ನನ್ನು ಕೇಳಿದರು. ನಾನು ಏನು ಹೇಳಿದೆ ಗೊತ್ತೇ? “ಅದ್ಯಾವ್ದೋ ವೈರಸ್ಸು. ಒತ್ಬೇಡಿ.” ನನ್ನ ಅಂಗಡಿಯ ಮುಂದೆ ‘ಇಲ್ಲಿ ಫ್ಲಾಶ್ ಪ್ಲೇಯರ್ ಹಾಕಿಕೊಡಲಾಗುವುದು’ ಎಂಬ ಬೋರ್ಡು ಈ ವರ್ಷದ ಮಾರ್ಚಿನವರೆಗೂ ನೇತಾಡುತ್ತಿತ್ತು. ಆದ್ದರಿಂದ ತಮ್ಮ ಶಾಖೆಯನ್ನು ನಾನು ಮೇಲಿನಿಂದ ಕೆಳಗೆ ನೋಡಿ ಟೀಕಿಸುತ್ತಿದ್ದೇನೆ ಎಂದು ದಯವಿಟ್ಟು ಭಾವಿಸಬೇಡಿ. ನಾವಿಬ್ಬರೂ ಒಂದೇ ಬೆಂಚಿನವರು.

ಈಗ ವಿಷಯಕ್ಕೆ ಬರುತ್ತೇನೆ. ಎಲ್ಲ ಅಡುಗೆ ಸಿಬ್ಬಂದಿಯೂ ‘ಅಡುಗೆಮನೆ ಸುರಕ್ಷತೆ’ ಎಂಬ ನಲವತ್ತು ನಿಮಿಷದ ವೀಡಿಯೊವನ್ನು ತಮ್ಮ ಜಾಲತಾಣದಲ್ಲಿ ನೋಡಿ, ಮಾರ್ಚ್ ಮುಗಿಯುವುದರೊಳಗೆ ಪ್ರಮಾಣಪತ್ರ ಸಲ್ಲಿಸಬೇಕೆಂದು ಜನವರಿಯಲ್ಲಿ ತಮ್ಮ ಆದೇಶ ಬಂತು. ಒಳ್ಳೆಯ ಆದೇಶ. ಬಿಸಿ ಸಾರು, ಗ್ಯಾಸು, ಸಣ್ಣ ಮಕ್ಕಳು ಇರುವ ಜಾಗ. ಹೇಮಾವತಿ ಮನೆಯಲ್ಲಿ ಫೋನಿನಲ್ಲೇ ತೆರೆದಳು. ವೀಡಿಯೊ ಬರಬೇಕಾದ ಜಾಗದಲ್ಲಿ ಕನ್ನಡದಲ್ಲಿ ಹೀಗೆ ಬಂತು: ‘ಈ ವೀಡಿಯೊ ವೀಕ್ಷಿಸಲು ಮಿಂಚು ಆಟಗಾರ ಅಗತ್ಯವಿದೆ. ದಯವಿಟ್ಟು ಪ್ಲಗ್ ಒಳಗೆ ಹಾಕಿ.’

ಫ್ಲಾಶ್ ಪ್ಲೇಯರನ್ನು ಮಿಂಚು ಆಟಗಾರ ಮಾಡಿದ ಆ ಭಾಷಾಂತರಕಾರ ಮನುಷ್ಯನೋ ಯಂತ್ರವೋ ನನಗೆ ಗೊತ್ತಿಲ್ಲ. ಯಾರೇ ಆಗಲಿ, ಮಲೆನಾಡಿನಲ್ಲಿ ಒಂದು ಏಪ್ರಿಲ್ ತಿಂಗಳೂ ಕಳೆದವರಲ್ಲ. ನಮ್ಮಲ್ಲಿ ಮಿಂಚು ಕಂಡರೆ ಮಕ್ಕಳೂ ಓಡಿ ಹೋಗಿ ಟೀವಿಯದ್ದು, ಫ್ರಿಜ್ಜಿನದ್ದು, ಎಲ್ಲ ಪ್ಲಗ್ಗನ್ನೂ ಕೀಳುತ್ತಾರೆ. ಮರುದಿನ ಹೇಮಾವತಿ ನನ್ನ ಅಂಗಡಿಗೆ ಬಂದವಳೇ ಹೇಳಿದ್ದು ಇದು:

“ಮೊದ್ಲು ಪರೀಕ್ಷೆ ಪ್ರಶ್ನೆ ಇರ್ಬೇಕು ಅಂದ್ಕೊಂಡೆ ಮೇಷ್ಟ್ರೇ. ಸುರಕ್ಷತೆ ತರಬೇತಿ ಅಲ್ವಾ? ಮಿಂಚುವಾಗ ಪ್ಲಗ್ ಹಾಕಿ ಅಂತಾರೆ, ನಾವು ಹಾಕ್ಬಾರ್ದು. ಚಾರ್ಜರೂ ತೆಗ್ದಿಟ್ಟು ಕಾದೆ. ಸರಿ ಉತ್ತರ ಅಂತ ಏನೂ ಬರ್ಲಿಲ್ಲ.”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಯೋಚಿಸಿದರೆ, ತಮ್ಮ ತರಬೇತಿಯ ಉದ್ದೇಶವನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಇನ್ನೊಬ್ಬರಿಲ್ಲ.

ನನ್ನ ಕಂಪ್ಯೂಟರಿನಲ್ಲೂ ಅದೇ ಸಂದೇಶ. ಅದರ ಕೆಳಗೆ ಒಂದು ಸಣ್ಣ ಚೌಕ, ಪಕ್ಕದಲ್ಲಿ ‘ನಾನು ಈ ವೀಡಿಯೊವನ್ನು ಪೂರ್ಣವಾಗಿ ವೀಕ್ಷಿಸಿದ್ದೇನೆ’ ಎಂಬ ವಾಕ್ಯ. ಮಾನ್ಯರೇ, ತಮಗೊಂದು ಗುಟ್ಟು ಹೇಳುತ್ತೇನೆ. ಆ ಚೌಕದಲ್ಲಿ ಟಿಕ್ ಒತ್ತಿದರೆ ಸಾಕು, ವೀಡಿಯೊ ಒಂದು ಸೆಕೆಂಡೂ ಓಡದಿದ್ದರೂ ಪ್ರಮಾಣಪತ್ರ ಬರುತ್ತದೆ. ಹೇಮಾವತಿ ಬರುವ ಮೊದಲೇ ಹನ್ನೊಂದು ಮಂದಿಗೆ ನಾನೇ ಹಾಗೆ ಒತ್ತಿ ಪ್ರಿಂಟ್ ತೆಗೆದುಕೊಟ್ಟಿದ್ದೆ. ಹನ್ನೊಂದನ್ನೂ ತಮ್ಮ ಶಾಖೆ ಸ್ವೀಕರಿಸಿದೆ. ಅವರ ಹೆಸರು ಕೇಳಬೇಡಿ, ನನಗೆ ವಯಸ್ಸಾಗಿದೆ, ಮರೆವು ಜಾಸ್ತಿ.

ಹನ್ನೆರಡನೆಯದನ್ನು ಒತ್ತಲು ಹೋದಾಗ ಹೇಮಾವತಿ ಮೌಸಿನ ಮೇಲೆ ಕೈಯಿಟ್ಟಳು. “ನೋಡ್ದೇ ನೋಡಿದೀನಿ ಅಂತ ಹೆಂಗೆ ಒತ್ಲಿ?”

“ಎಲ್ರೂ ಒತ್ತಿದಾರೆ ಹೇಮಾವತಿ. ಇದೆಲ್ಲ ಸುಮ್ನೆ ಲೆಕ್ಕಕ್ಕೆ.”

“ಎಲ್ರ ಅಡುಗೆಮನೆಗೂ ನಾನು ಹೋಗಲ್ಲ ಮೇಷ್ಟ್ರೇ. ನನ್ ಅಡುಗೆಮನೇಲಿ ಮೂವತ್ತೆರಡು ಮಕ್ಳು ಸುತ್ತ ಓಡಾಡ್ತಾವೆ. ಏನಾದ್ರೂ ಹೊಸದು ಹೇಳಿದ್ರೆ ನಂಗೆ ಗೊತ್ತಾಗ್ಬೇಕಲ್ಲ.”

ಅವಳು ಹೇಳಿದ್ದರಲ್ಲಿ ನನ್ನನ್ನು ಬೈದದ್ದು ಏನೂ ಇರಲಿಲ್ಲ. ಆದರೂ ನನಗೆ ನಾಚಿಕೆಯಾಯಿತು, ಆ ಹನ್ನೊಂದು ಟಿಕ್ಕುಗಳ ನಾಚಿಕೆ. ನಾಚಿಕೆಯಾದಾಗ ಗಂಡಸು ಮಾಡುವ ದಡ್ಡ ಕೆಲಸವನ್ನೇ ಮಾಡಿದೆ. ಎದೆ ಮುಂದೆ ಮಾಡಿ, “ನಾನಿದೀನಲ್ಲ! ಫ್ಲಾಶ್ ಹಾಕಿ ತೋರಿಸ್ತೀನಿ, ನಾಳೆ ಬಾ” ಎಂದುಬಿಟ್ಟೆ.

ಪೆನ್‌ಡ್ರೈವಿನ ಹಳೆಯ ಫ್ಲಾಶನ್ನು ಹೊಸ ಬ್ರೌಸರು ಒಳಗೆ ಬಿಟ್ಟುಕೊಳ್ಳಲಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ‘ಇಲ್ಲಿದೆ ಹೊಸ ಫ್ಲಾಶ್’ ಎಂದು ಹಸಿರು ಗುಂಡಿ ತೋರಿಸಿದ ಯಾವುದೋ ಸೈಟಿನಲ್ಲಿ ಆತುರದಿಂದ ಒತ್ತಿದೆ. ಜನಕ್ಕೆ ‘ಒತ್ಬೇಡಿ’ ಎಂದು ಐದು ವರ್ಷ ಹೇಳಿದವನು, ನಿಜವಾಗಿ ಒತ್ತಬಾರದ್ದನ್ನು ಹುಡುಕಿಕೊಂಡು ಹೋಗಿ ಒತ್ತಿದೆ. ಆ ಕ್ಷಣದಿಂದ ನನ್ನ ಕಂಪ್ಯೂಟರು ನನ್ನದಾಗಿ ಉಳಿಯಲಿಲ್ಲ. ಯಾವ ಪುಟ ತೆರೆದರೂ ತಲೆಗೂದಲು ಬೆಳೆಸುವ ಎಣ್ಣೆಯ ಜಾಹೀರಾತು. ನನ್ನ ಬೋಳುತಲೆ ಅದಕ್ಕೆ ಹೇಗೆ ಗೊತ್ತಾಯಿತೋ ದೇವರೇ ಬಲ್ಲ. ಆಧಾರ್ ತಿದ್ದುಪಡಿಗೆ ಬಂದ ಒಬ್ಬ ಹಿರಿಯರು ಅರ್ಜಿಯ ಮೇಲೆ ತೇಲಿ ಬಂದ ಸುಂದರಿಯ ಜಡೆಯನ್ನು ಬಹಳ ಹೊತ್ತು ನೋಡಿ, “ಇದೂ ಲಗತ್ತಿಸ್ಬೇಕಾ?” ಎಂದು ಕೇಳಿದರು.

ಸಿಪಿಯು ಡಬ್ಬವನ್ನು ಚೀಲಕ್ಕೆ ಹಾಕಿ ಸಾಗರದ ಬಸ್ಸು ಹತ್ತಿದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರವೀಂದ್ರ ನನ್ನ ಹಳೆಯ ಟೈಪಿಂಗ್ ಶಿಷ್ಯ. ಡಬ್ಬ ಬಿಚ್ಚುತ್ತಾ ಅವನು ಕೇಳಿದ, “ಮೇಷ್ಟ್ರೇ, ಫ್ಲಾಶ್ ಸತ್ತು ಐದು ವರ್ಷ ಆಯ್ತಲ್ಲ ಮಾರಾಯ್ರೇ. ತಿಥಿನೂ ಮುಗ್ದಿದೆ. ನೀವೆಂತ ಈಗ ಡಾಕ್ಟ್ರನ್ನ ಹುಡುಕ್ತಿದೀರಿ?”

ತಮ್ಮ ಜಾಲತಾಣದ ಸಂದೇಶ ತೋರಿಸಿದೆ. ಅವನು ನಗಲಿಲ್ಲ, ಸುಮ್ಮನೆ ತಲೆ ಕೆರೆದುಕೊಂಡ. ಇದಕ್ಕೆ ನ್ಯಾಯವಾದ ದಾರಿ ಒಂದೇ, ಆ ಕಚೇರಿಯವರು ವೀಡಿಯೊವನ್ನು ಈಗಿನ ರೀತಿಗೆ ಬದಲಿಸಿ ಹಾಕಬೇಕು, ಕೂತರೆ ಅರ್ಧ ದಿನದ ಕೆಲಸ ಎಂದ. ತಮ್ಮ ಸಹಾಯವಾಣಿಗೆ ಅವನ ಎದುರೇ ಫೋನು ಮಾಡಿದೆ. ‘ಬೇರೆ ಬ್ರೌಸರ್‌ನಲ್ಲಿ ನೋಡಿ’ ಎಂದರು. ಎಲ್ಲ ನೋಡಾಯಿತು ಎಂದೆ. ‘ಬೇರೆಯವರಿಗೆಲ್ಲ ಬಂದಿದೆ, ನಿಮಗೆ ಮಾತ್ರ ಯಾಕೆ ಬರ್ತಿಲ್ಲ?’ ಎಂದು ಇಟ್ಟುಬಿಟ್ಟರು. ಬೇರೆಯವರಿಗೆ ಏನು ಬಂದಿದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೊನೆಗೆ ರವೀಂದ್ರನೇ ಒಂದು ಅಡ್ಡದಾರಿ ಹೇಳಿದ. ಯಾರ ಮನೆಯಲ್ಲಾದರೂ ಮುಟ್ಟದೆ ಬಿಟ್ಟ ಹಳೆಯ ಕಂಪ್ಯೂಟರ್ ಇದ್ದು, ಅದರಲ್ಲಿ ಫ್ಲಾಶ್ ಉಳಿದಿದ್ದರೆ, ಅದರ ಗಡಿಯಾರವನ್ನು 2021ರ ಜನವರಿಗೆ ಮುಂಚಿನ ಒಂದು ದಿನಕ್ಕೆ ಇಡಬೇಕು. ತಾನು ಸತ್ತಿರುವುದು ಫ್ಲಾಶಿಗೆ ಗೊತ್ತಾಗುವುದಿಲ್ಲ, ಎದ್ದು ಓಡುತ್ತದೆ. ಅದನ್ನು ಕೇಳಿ ನನಗೆ ನನ್ನ ಬಗ್ಗೆಯೇ ಸ್ವಲ್ಪ ಅನುಮಾನ ಬಂತು.

ಅಂಥ ಕಂಪ್ಯೂಟರು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ತೀರ್ಥಹಳ್ಳಿಯಿಂದ ಮಂಡಗದ್ದೆ ಕಡೆಗೆ ಹೋಗುವ ದಾರಿಯಲ್ಲಿ ಗಣಪಯ್ಯ ಎಂಬ ನಿವೃತ್ತ ಗಣಿತದ ಮೇಷ್ಟ್ರಿದ್ದಾರೆ. ಪಂಚಾಂಗ ಗುಣಿಸುವ ಮನೆತನ. ಆ ಲೆಕ್ಕದ ಪ್ರೋಗ್ರಾಮ್ ಕೆಟ್ಟೀತೆಂಬ ಭಯಕ್ಕೆ ತಮ್ಮ ಕಂಪ್ಯೂಟರಿಗೆ 2020ರಿಂದ ಈಚೆಗೆ ಇಂಟರ್‌ನೆಟ್ಟಿನ ಗಾಳಿಯನ್ನೂ ಸೋಕಿಸಿಲ್ಲ. ಅದಕ್ಕೆ ಫ್ಲಾಶ್ ಹಾಕಿದವನು ನಾನೇ, ಚಕ್ಕುಲಿಯ ಕಾಲದಲ್ಲಿ. ಮಾರ್ಚಿನ ಕೊನೆಯ ಭಾನುವಾರ ಹೇಮಾವತಿಯನ್ನು ಕರೆದುಕೊಂಡು ಅಲ್ಲಿಗೆ ಹೋದೆ.

ನನ್ನ ಫೋನಿನಿಂದ ಇಂಟರ್‌ನೆಟ್ ಕೊಟ್ಟು ತಮ್ಮ ಜಾಲತಾಣ ತೆರೆದರೆ, ಮುದುಕರಿಬ್ಬರು ಒಬ್ಬರನ್ನೊಬ್ಬರು ಗುರುತು ಹಿಡಿದ ಹಾಗೆ ತಟ್ಟನೆ ತೆರೆದುಕೊಂಡಿತು. ಆದರೆ ವೀಡಿಯೊದ ಜಾಗದಲ್ಲಿ ಒಂದು ಬೂದು ಚೌಕ ಮಾತ್ರ. ಗಣಪಯ್ಯನವರ ಹೆಂಡತಿ ವೇದಾವತಮ್ಮ ಕಾಫಿ ತಂದಿಟ್ಟು ಇಣುಕಿದರು. “ಎಂತ, ಇನ್ನೂ ಬತ್ತಾ ಇಲ್ಲೆ?”

ಗಡಿಯಾರ ಹಿಂದಕ್ಕೆ ತಿರುಗಿಸಬೇಕು ಎಂದು ವಿವರಿಸಿ, 2020ರ ಯಾವುದೋ ಒಂದು ತಾರೀಕು ಒತ್ತಲು ಹೋದೆ. ಗಣಪಯ್ಯನವರು ತಡೆದರು.

“ತಡೀರಿ ನಾಗರಾಜಪ್ಪ. ಹಿಂದೆ ಹೋಗೋದಾದ್ರೂ ದಿನ ನೋಡ್ಕೊಂಡು ಹೋಗ್ಬೇಕು. ಅಮಾವಾಸ್ಯೆಗೆ ಹೋಗಿ ಬಿದ್ರೆ?”

“ಬರೀ ವೀಡಿಯೊ ನೋಡೋಕೆ ಗಣಪಯ್ಯನವ್ರೇ.”

“ಕಲಿಯೋದಲ್ವಾ? ಹಾಗಾದ್ರೆ ವಿಜಯದಶಮಿಗೆ ಇಡಿ. ಮುಹೂರ್ತ ನೋಡೋ ಕೆಲಸವೇ ಇಲ್ಲ.” ತಮ್ಮ ಪ್ರೋಗ್ರಾಮಿನಲ್ಲಿ ಒಮ್ಮೆ ಕಣ್ಣಾಡಿಸಿ ಹೇಳಿದರು, “ಅಕ್ಟೋಬರ್ ಇಪ್ಪತ್ತಾರು, ಸೋಮವಾರ.”

ಹೇಮಾವತಿ ಕೈಮುಗಿದಳು. ನಾನು ಅಕ್ಟೋಬರ್ ಇಪ್ಪತ್ತಾರಕ್ಕೆ ಇಟ್ಟೆ. ಇಡೀ ರಾಜ್ಯದಲ್ಲಿ ಶುಭ ಮುಹೂರ್ತ ನೋಡಿ ಸರ್ಕಾರಿ ಜಾಲತಾಣ ತೆರೆದವರು ನಾವು ಮೂವರೇ ಇರಬೇಕು. ವೀಡಿಯೊ ಓಡಿತು!

ನಲವತ್ತು ನಿಮಿಷವೂ ಹೇಮಾವತಿ ಕುರ್ಚಿಯ ತುದಿಯಲ್ಲಿ ಕೂತು ನೋಡಿದಳು. ನಾನು ಹತ್ತು ನಿಮಿಷಕ್ಕೇ ತೂಕಡಿಸಿದೆ. ಇಪ್ಪತ್ತಮೂರನೇ ನಿಮಿಷಕ್ಕೆ ಅವಳು “ಅಯ್ಯೋ!” ಎಂದಾಗ ಎಚ್ಚರವಾಯಿತು. ವೀಡಿಯೊದ ಅಡುಗೆಯವಳು ಕುದಿಯುವ ಸಾಂಬಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ಬಾಗಿಲ ಪಕ್ಕ ನೆಲದ ಮೇಲೆ ಇಟ್ಟು, ಕ್ಯಾಮೆರಾಕ್ಕೆ ಕೈ ತೊಳೆಯುವ ಕ್ರಮ ವಿವರಿಸುತ್ತಿದ್ದಳು. “ಮಕ್ಳು ಓಡಿ ಬರೋ ಜಾಗ ಅದು” ಎಂದಳು ಹೇಮಾವತಿ. ಕೊನೆಗೆ ‘ತಮ್ಮ ಅಭಿಪ್ರಾಯ’ ಎಂಬ ಜಾಗ ಬಂತು. ಅವಳು ಹೇಳಿದ್ದನ್ನು ನಾನು ಟೈಪ್ ಮಾಡಿದೆ: ‘ಇಪ್ಪತ್ತಮೂರನೇ ನಿಮಿಷದಲ್ಲಿ ಬಿಸಿ ಪಾತ್ರೆ ನೆಲದ ಮೇಲಿದೆ. ಮಗು ಕಾಲಿಟ್ಟರೆ ಸುಡುತ್ತದೆ. ಕಟ್ಟೆಯ ಮೇಲೆ ಇಟ್ಟು ತೋರಿಸಿ.’ ಆಮೇಲೆ ಆ ಚೌಕದಲ್ಲಿ ಅವಳೇ ಟಿಕ್ ಒತ್ತಿದಳು. ಪ್ರಮಾಣಪತ್ರ ಬಂತು. ಟೈಪಿಂಗ್ ಮೇಷ್ಟ್ರಾದ ನಾನು ಹೆಸರಿನ ಕಾಗುಣಿತವನ್ನು ಮೂರು ಸಲ ನೋಡಿದೆ, ಅಂಚು ಸರಿಯಿದೆಯೇ ಎಂದು ನೋಡಿದೆ. ದಿನಾಂಕ ನೋಡಲಿಲ್ಲ. ಪ್ರಮಾಣಪತ್ರಕ್ಕೆ ತಾರೀಕು ಹಾಕಲು ತಮ್ಮ ಜಾಲತಾಣ ಎದುರಿಗಿರುವ ಕಂಪ್ಯೂಟರಿನ ಗಡಿಯಾರವನ್ನೇ ಕೇಳುತ್ತದೆ ಎಂದು ನನಗೆ ಹೊಳೆಯಲಿಲ್ಲ.

ತಮ್ಮ ನೋಟಿಸಿನ ಮಾತುಗಳನ್ನು ಹಾಗೆಯೇ ಬರೆಯುತ್ತೇನೆ. ‘ಸದರಿ ಪ್ರಮಾಣಪತ್ರವು ತರಬೇತಿ ಆದೇಶಕ್ಕಿಂತ ಐದು ವರ್ಷ ಮುಂಚಿನದಾಗಿದ್ದು, ಸದರಿ ದಿನವು ಸಾರ್ವತ್ರಿಕ ರಜಾದಿನವಾಗಿದ್ದು, ಸದರಿ ಅವಧಿಯಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದ್ದು, ಪ್ರಮಾಣಪತ್ರವು ಮೇಲ್ನೋಟಕ್ಕೆ ಸುಳ್ಳು ಸೃಷ್ಟಿಯಾಗಿರುತ್ತದೆ.’ ಒಂದೊಂದು ‘ಸದರಿ’ಯೂ ಸತ್ಯ. ತಾರೀಕು ಸುಳ್ಳು, ಒಪ್ಪಿದೆ. ಆದರೆ ಆ ಸುಳ್ಳನ್ನು ಹೇಳದೆ ತಮ್ಮ ವೀಡಿಯೊ ನೋಡುವ ದಾರಿಯನ್ನು ತಾವು ಯಾರಿಗಾದರೂ ಬಿಟ್ಟಿದ್ದೀರಾ? ತಮ್ಮ ತರಬೇತಿ 2020ರಲ್ಲಿ ಮಾತ್ರ ಓಡುತ್ತದೆ, ತಮ್ಮ ಕಚೇರಿ ಈ ವರ್ಷದ ತಾರೀಕನ್ನು ಮಾತ್ರ ಒಪ್ಪುತ್ತದೆ. ಒಬ್ಬ ಅಡುಗೆಯವಳು ಎರಡೂ ಕಡೆ ಒಟ್ಟಿಗೆ ಇರುವುದು ಹೇಗೆ? ಹೊಸದಾಗಿ ನೋಡಿಬಿಡೋಣ ಎಂದು ಮತ್ತೆ ಪ್ರಯತ್ನಿಸಿದರೆ ‘ತಾವು ಈಗಾಗಲೇ ತರಬೇತಿ ಪೂರ್ಣಗೊಳಿಸಿದ್ದೀರಿ, ಅಭಿನಂದನೆಗಳು’ ಎಂದು ಬರುತ್ತದೆ. ಅಭಿನಂದನೆ ಒಂದು ಕೈಯಲ್ಲಿ, ನೋಟಿಸು ಇನ್ನೊಂದು ಕೈಯಲ್ಲಿ.

ಯೋಚಿಸಿ. ನೋಡದೆ ಒತ್ತಿದ ಹನ್ನೊಂದು ಪ್ರಮಾಣಪತ್ರಗಳ ತಾರೀಕು ಸರಿಯಾಗಿದೆ, ಅವು ಅಸಲಿ. ನೋಡಿ ಒತ್ತಿದ ಒಂದರ ತಾರೀಕು ತಪ್ಪಾಗಿದೆ, ಅದು ನಕಲಿ. ಆ ವೀಡಿಯೊವನ್ನು ತಮ್ಮ ಶಾಖೆಯಲ್ಲಿ ಇತ್ತೀಚೆಗೆ ಯಾರಾದರೂ ನೋಡಿದ್ದಾರೆಯೇ? ನೋಡಿದ್ದರೆ ಆ ಪಾತ್ರೆ ಇನ್ನೂ ಬಾಗಿಲ ಪಕ್ಕ ನೆಲದ ಮೇಲೆ ಯಾಕಿದೆ? ಹೇಮಾವತಿಯ ಅಭಿಪ್ರಾಯ ತಮ್ಮದೇ ಕಂಪ್ಯೂಟರಿನಲ್ಲಿ ಕೂತಿದೆ. ಅವಳು ನೋಡಿದ್ದಾಳೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅದನ್ನು ತೆರೆಯಲು ಯಾವ ಪ್ಲಗ್ಗನ್ನೂ ಹಾಕಬೇಕಾಗಿಲ್ಲ.

ಕಂಪ್ಯೂಟರ್ ಬಳಸುವವರಿಗೆ ಫ್ಲಾಶ್ ಇನ್ನೂ ಬೇಕೇ ಎಂದು ಈಗ ಯಾರಾದರೂ ನನ್ನನ್ನು ಕೇಳಿದರೆ ಒಂದೇ ಉತ್ತರ, ಬೇಡ. ಹಳೆಯದು ಇದ್ದರೆ ತೆಗೆದುಹಾಕಿ. ಹೊಸದು ಎಂದು ಯಾರಾದರೂ ಕೊಟ್ಟರೆ ಅದು ಫ್ಲಾಶ್ ಅಲ್ಲ, ಜಡೆಯ ಸುಂದರಿ. ಈ ಮಾತು ಹೇಳಲು ನನಗೆ ಐದು ವರ್ಷ ಬೇಕಾಯಿತು, ಯಾಕೆಂದರೆ ಅದಿಲ್ಲದೆ ಹೋದರೆ ನನಗೆ ಯಾರೂ ಕಾಫಿ ಕೊಡುವುದಿಲ್ಲ ಎಂಬ ಭಯವಿತ್ತು. ನನ್ನದು ಪಾಪದ ಅಂಗಡಿ, ನನ್ನ ಹಟದಿಂದ ಕೆಟ್ಟದ್ದು ನನ್ನ ಕಂಪ್ಯೂಟರು ಒಂದೇ. ತಾವು ಹಟ ಮಾಡಿದರೆ ಒಬ್ಬಳ ಕೆಲಸ ಹೋಗುತ್ತದೆ.

ಆದ್ದರಿಂದ ಬೇಡಿಕೆ. ಶಾಲೆ ತೆರೆಯುವ ಮೊದಲು ಹೇಮಾವತಿಯ ಮೇಲಿನ ನೋಟಿಸನ್ನು ಲಿಖಿತವಾಗಿ ಹಿಂಪಡೆಯಿರಿ, ಆಕೆಯ ಹೆಸರು ಪಟ್ಟಿಯಲ್ಲಿ ಇದ್ದ ಹಾಗೆ ಇರಲಿ. ವೀಡಿಯೊವನ್ನು ಈಗಿನ ಬ್ರೌಸರಿನಲ್ಲಿ ಓಡುವ ಹಾಗೆ ಬದಲಿಸಿ, ಆ ಮಿಂಚು ಆಟಗಾರನಿಗೆ ನಿವೃತ್ತಿ ಕೊಡಿ. ಶಿಕ್ಷೆ ಕೊಡಲೇಬೇಕೆಂದಿದ್ದರೆ ಗಡಿಯಾರ ತಿರುಗಿಸಿದವನು ನಾನು, ನನಗೆ ಕೊಡಿ.

ನಿನ್ನೆ ಹೇಮಾವತಿಯ ಸಮಜಾಯಿಷಿ ಬರೆಯಲು ಕೂತೆ. ‘ತಾಂತ್ರಿಕ ಕಾರಣಗಳಿಂದ’ ಎಂದು ಶುರು ಮಾಡಿ ಎರಡು ಪುಟ ಟೈಪ್ ಮಾಡಿ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, ಅದು ಬೇಡ ಎಂದಳು. ತಾನೇ ಹೇಳಿ ಬರೆಸಿದಳು. ಆ ಕಾಗದ ತಮ್ಮ ಯಾವ ಮೇಜಿನ ಮೇಲೆ ಬೀಳುತ್ತದೋ ಗೊತ್ತಿಲ್ಲವಾದ್ದರಿಂದ ಇಲ್ಲಿಯೂ ಅವಳ ಮಾತಿನಲ್ಲೇ ಕೊಡುತ್ತಿದ್ದೇನೆ:

“ಆ ವಿಜಯದಶಮಿ ದಿನ ಶಾಲೆಗೆ ಬೀಗ ಹಾಕಿತ್ತು, ಮಕ್ಳು ಇರ್ಲಿಲ್ಲ, ನಾನು ಒಲೆ ಹಚ್ಚಿಲ್ಲ. ಅದು ನಿಜ. ಈಗ ಮಕ್ಳು ಬರ್ತಾರೆ. ಒಲೆ ಹಚ್ಲಾ, ಬೇಡ್ವಾ? ಅಷ್ಟು ಹೇಳಿ.”

ಇಂತಿ,
ಹನ್ನೊಂದು ಸಲ ಸರಿಯಾದ ತಾರೀಕಿಗೆ ಸುಳ್ಳು ಒತ್ತಿ, ಒಂದೇ ಸಲ ನಿಜ ಮಾಡಲು ಹೋಗಿ ಸಿಕ್ಕಿಬಿದ್ದ,
ನಾಗರಾಜಪ್ಪ
ಟೈಪಿಂಗ್ ಮೇಷ್ಟ್ರು, ಹೊಸನಗರ